ವಾದ್ಯ ನಿಂತ ಮೇಲೂ ಸಭೆ ಹಾಡುವ ಹಾಡು

ಒಂದು ಕ್ರೈಸ್ತ ಸ್ತುತಿಗೀತೆ ಬಾಳಿಕೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಎರಡನೆಯ ಚರಣಕ್ಕೆ ಬಂದಾಗ ಕೀಬೋರ್ಡು, ತಬಲಾ, ಮೈಕು ಎಲ್ಲವನ್ನೂ ನಿಲ್ಲಿಸಿಬಿಡಿ. ಮುಂದಿನ ಸಾಲನ್ನು ಸಭೆ ತಾನಾಗಿ ಎತ್ತಿಕೊಂಡರೆ ಆ ಹಾಡಿಗೆ ಕಾಲು ಗಟ್ಟಿಯಾಗಿದೆ. ಹಿಂದಿನ ಬೆಂಚಿನವರು ಪುಸ್ತಕದಿಂದ ಕಣ್ಣು ತೆಗೆದು ಗಾಯಕವೃಂದದ ಕಡೆ ನೋಡಿದರೆ ಅದನ್ನು ಇಷ್ಟು ದಿನ ಹೊತ್ತು ನಡೆಸಿದ್ದು ವಾದ್ಯಗಳು.

ಮುಂಬೈಯಲ್ಲಿ ಈ ಪರೀಕ್ಷೆಯನ್ನು ಮೂರು ಭಾಷೆಗಳಲ್ಲಿ ಮಾಡಿ ನೋಡಬಹುದು. ಒಂದೇ ಉಪನಗರದಲ್ಲಿ ಬೀದರ್, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದವರ ಕನ್ನಡ ಆರಾಧನೆ ನಡೆಯುತ್ತದೆ. ಮರಾಠಿ ಸಭೆ ತನ್ನ ಭಜನೆಗಳನ್ನು ಹಾಡುತ್ತದೆ. ಮಂಗಳೂರು ಮತ್ತು ಗೋವಾ ಮೂಲದವರ ಇಗರ್ಜಿಯಲ್ಲಿ ಕೊಂಕಣಿ ಪೂಜೆ ಇರುತ್ತದೆ. ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮರಾಠಿಯವರು ತಮ್ಮ ಛಂದಸ್ಸಿಗೆ ಕ್ರಿಸ್ತನನ್ನು ಕರೆತಂದರು. ಗೋವಾದವರು ಪರದೇಶದ ಸಂಗೀತವನ್ನೇ ತಲೆಮಾರುಗಳ ಕಾಲ ಕಲಿತು ತಮ್ಮದಾಗಿಸಿಕೊಂಡರು. ನಾವು ಕನ್ನಡಿಗರು ಬಹಳ ಕಡೆ ಪರದೇಶದ ಧಾಟಿಗೆ ಕನ್ನಡದ ಅಕ್ಷರಗಳನ್ನು ಎಣಿಸಿ ತುಂಬಿದೆವು. ಎಣಿಕೆ ಸರಿಹೋಯಿತು, ತೂಕ ತಪ್ಪಿತು. ನಮ್ಮ ಕೀರ್ತನೆಗಳ ಪುಸ್ತಕದಲ್ಲಿ ನೂರಾರು ಹಾಡುಗಳಿದ್ದೂ ಸಭೆ ಮನಸಾರೆ ಹಾಡುವವು ಕೆಲವೇ ಆಗಿರುವುದಕ್ಕೆ ಇದೇ ಮುಖ್ಯ ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ.

ತೂಕ ತಪ್ಪುವುದು ಹೇಗೆಂದು ಬಿಡಿಸಿ ನೋಡೋಣ. ಇಂಗ್ಲಿಷ್ ಸ್ತುತಿಗೀತೆಗಳಲ್ಲಿ ಅತಿ ಹೆಚ್ಚು ಬಳಕೆಯಾದ ಅಳತೆಗಳಲ್ಲೊಂದು 8.6.8.6, ಅಂದರೆ ಸಾಲಿಗೆ ಎಂಟು, ಆರು, ಎಂಟು, ಆರು ಉಚ್ಚಾರಾಂಶ. ಅದಕ್ಕೆ ‘ಕಾಮನ್ ಮೀಟರ್’ ಎಂದೇ ಹೆಸರು. ‘ಅಮೇಜಿಂಗ್ ಗ್ರೇಸ್’ ಇದೇ ಅಳತೆಯದು. ಪಾದ್ರಿ ಜಾನ್ ನ್ಯೂಟನ್ ಇಂಗ್ಲೆಂಡಿನ ತಮ್ಮ ಓಲ್ನಿ ಸಭೆಯ 1773ರ ಹೊಸವರ್ಷದ ಆರಾಧನೆಗಾಗಿ ಬರೆದದ್ದು, 1779ರಲ್ಲಿ ಅಚ್ಚಾಯಿತು. ಈ ಅಳತೆಯಲ್ಲಿ ಸಾಲು ಶುರುವಾಗುವುದು ಒತ್ತಿಲ್ಲದ ಉಚ್ಚಾರಾಂಶದಿಂದ. ‘ಅಮೇಜಿಂಗ್ ಗ್ರೇಸ್’ನ ಧಾಟಿಯಲ್ಲಿ ಮೊದಲನೆಯದು ತಾಳದ ಸಮಕ್ಕಿಂತ, ಅಂದರೆ ಮೊದಲ ಪೆಟ್ಟಿಗಿಂತ, ಮುಂಚೆಯೇ, ಒಂದು ಎಣಿಕೆಯಷ್ಟು ಬರುತ್ತದೆ; ನಮ್ಮವರು ಅತೀತ ಎಡುಪು ಎನ್ನುತ್ತಾರಲ್ಲ, ಅದು. ಎರಡನೆಯದು ಸಮದ ಮೇಲೆ ಬಿದ್ದು ಎರಡು ಎಣಿಕೆ ನಿಲ್ಲುತ್ತದೆ. ಹೀಗೆ ಒಂದು-ಎರಡು, ಒಂದು-ಎರಡು ಎಂದು ಸಾಲು ಸಾಗುತ್ತದೆ.

ಕನ್ನಡದಲ್ಲಿ ಒತ್ತು ಪದದ ಮೊದಲ ಅಕ್ಷರದ ಮೇಲೆ. ಜೊತೆಗೆ ಲಘು-ಗುರುವಿನ ಲೆಕ್ಕ ಬೇರೆ. ಈ ಧಾಟಿಗೆ ‘ದೇವರ ದಾರಿ ದೊಡ್ಡದು’ ಎಂಬ ಸಾಲನ್ನು ಹಾಕಿ ಹಾಡಿ ನೋಡಿ. ಎಂಟು ಅಕ್ಷರ, ಎಣಿಕೆ ಪಕ್ಕಾ. ಆದರೆ ‘ದೇ’ ಸಮಕ್ಕೆ ಮುಂಚೆ ಓಡಿಹೋಗುತ್ತದೆ, ಲಘುವಾದ ‘ವ’ ಸಮದ ಮೇಲೆ ಕೂತು ಎರಡು ಎಣಿಕೆ ಎಳೆಯುತ್ತದೆ. ಕಿವಿಗೆ ಬೀಳುವುದು ‘ದೆವಾರ’. ಮುಂದಿನ ‘ದಾರಿ ದೊಡ್ಡದು’ ಸರಿಯಾಗಿಯೇ ಕೂರುತ್ತದೆ, ಆದರೆ ಮೊದಲ ಪದದಲ್ಲೇ ಮುಗ್ಗರಿಸಿದ ಸಾಲನ್ನು ಸಭೆ ಧೈರ್ಯವಾಗಿ ಎತ್ತಿಕೊಳ್ಳುವುದಿಲ್ಲ. ತಬಲಾದವರು ಆರೆಣಿಕೆಯ ದಾದ್ರಾ ತಾಳ ಹಿಡಿದರಂತೂ ‘ಧಾ’ ನೇರವಾಗಿ ಆ ‘ವ’ದ ಮೇಲೆ ಬಡಿಯುತ್ತದೆ, ತಪ್ಪು ಇನ್ನೂ ಎದ್ದು ಕೇಳುತ್ತದೆ.

ಅದೇ ಜಾಗಕ್ಕೆ ‘ಓ ದೇವ ನಿನ್ನ ದಾರಿಯು’ ಎಂದು ಹಾಕಿ. ‘ಓ’ ಸಮಕ್ಕೆ ಮುಂಚಿನ ಎಣಿಕೆಯನ್ನು ತುಂಬಿತು. ‘ದೇ’, ‘ನಿನ್’, ‘ದಾ’ ಮೂರೂ ಗುರುಗಳು, ಮೂರೂ ಎರಡೆಣಿಕೆಯ ಜಾಗದಲ್ಲಿ ಬಿದ್ದವು. ನಡುವಿನ ‘ವ’, ‘ನ’, ‘ರಿ’ ಲಘುಗಳು, ಒಂದೊಂದೇ ಎಣಿಕೆ. ಕೊನೆಯ ‘ಯು’ ಪಾದಾಂತ್ಯದಲ್ಲಿ ಎಳೆದರೂ ಕಿವಿ ಒಪ್ಪುತ್ತದೆ. ಈ ತರಹದ ಧಾಟಿಗೆ ಕನ್ನಡ ಹೊಂದಿಸುವವರ ಬತ್ತಳಿಕೆಯಲ್ಲಿ ಓ, ಹೇ, ನೀ, ನಾ, ಬಾ ಮುಂತಾದ ಏಕಾಕ್ಷರಗಳು ಸದಾ ಇರಬೇಕು.

ಇನ್ನೊಂದು ಸಂಕಟ ಜಾಗದ್ದು. 8.6.8.6ರ ಒಂದು ಚರಣದಲ್ಲಿ ಒಟ್ಟು 28 ಉಚ್ಚಾರಾಂಶ. ಇಂಗ್ಲಿಷಿನ ಚಿಕ್ಕ ಪದಗಳು ಅದರಲ್ಲಿ ಇಪ್ಪತ್ತಕ್ಕೂ ಮೇಲೆ ಹಿಡಿಸುತ್ತವೆ. ವಿಭಕ್ತಿ, ಕ್ರಿಯಾಪ್ರತ್ಯಯ ಹೊತ್ತ ಕನ್ನಡ ಪದಗಳು ಹತ್ತು ಹನ್ನೊಂದು ಹಿಡಿಸಿದರೆ ಹೆಚ್ಚು. ಮೂಲದ ಮಾತನ್ನೆಲ್ಲ ಹೇಗಾದರೂ ತುರುಕಲು ಹೋದವರು ಪ್ರತ್ಯಯ ಕಡಿದರು, ‘ರಕ್ಷಿಸಿದನು’ ಎನ್ನುವಲ್ಲಿ ‘ರಕ್ಷಿಸ್ದ’ ಎಂದರು, ಒತ್ತಕ್ಷರದ ಮೇಲೆ ಒತ್ತಕ್ಷರ ಪೇರಿಸಿದರು. ಅರ್ಧ ಎಣಿಕೆಯ ಸ್ವರದ ಮೇಲೆ ‘ಕ್ಷಿಸ್ದ’ ಎಂಬ ಗಂಟನ್ನು ಅರವತ್ತು ದಾಟಿದ ಅಜ್ಜಿ ಹೇಗೆ ಬಿಡಿಸಬೇಕು? ಚರಣಕ್ಕೆ ಒಂದೇ ಭಾವ ಸಾಕೆಂದು ಬಿಟ್ಟುಕೊಟ್ಟ ಅನುವಾದಗಳು ಉಳಿದಿವೆ, ಎಲ್ಲವನ್ನೂ ಹಿಡಿಯಲು ಹೋದವು ಪುಸ್ತಕದಲ್ಲೇ ಉಳಿದವು.

ಕನ್ನಡದಲ್ಲಿ ಈ ಕೆಲಸ ಹೇಗೆ ಆಗಬೇಕೆಂಬುದಕ್ಕೆ ದೊಡ್ಡ ಮಾದರಿ ಇರುವುದು ಚರ್ಚಿನ ಪುಸ್ತಕಗಳ ಆಚೆ. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಸಿಸಿಲಿಯಿಂದ ಊರಿಗೆ ಮರಳುವಾಗ, ಕಾರ್ಸಿಕಾ-ಸಾರ್ಡಿನಿಯಾ ನಡುವಿನ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತಿದ್ದಾಗ ಬರೆದದ್ದು ‘ಲೀಡ್ ಕೈಂಡ್ಲಿ ಲೈಟ್’. ಗಾಂಧೀಜಿಗೆ ಪ್ರಿಯವಾದ ಗೀತೆ. ಅದರ ಅಳತೆ 10.4.10.4.10.10. ಇಂಗ್ಲಿಷಿನಲ್ಲಿ ಅದನ್ನು ಊರೂರಿಗೆ ಒಯ್ದದ್ದು 1865ರಲ್ಲಿ ಜಾನ್ ಬ್ಯಾಕಸ್ ಡೈಕ್ಸ್ ಕಟ್ಟಿದ ಧಾಟಿ. ಬಿ.ಎಂ. ಶ್ರೀಕಂಠಯ್ಯನವರು ಆ ಅಳತೆಯನ್ನೂ ಆ ಧಾಟಿಯನ್ನೂ ಬದಿಗಿಟ್ಟರು. ‘ಕರುಣಾಳು, ಬಾ, ಬೆಳಕೆ, ಮುಸುಕಿದೀ ಮಬ್ಬಿನಲಿ ಕೈಹಿಡಿದು ನಡೆಸೆನ್ನನು’ ಎಂಬ ಸಾಲಿಗೆ ಮಾತ್ರೆ ಹಾಕಿ ನೋಡಿ: ಕರುಣಾಳು ಐದು, ಬಾ ಬೆಳಕೆ ಐದು, ಮುಸುಕಿದೀ ಐದು, ಮಬ್ಬಿನಲಿ ಐದು, ಕೈಹಿಡಿದು ಐದು, ನಡೆಸೆನ್ನ ಐದು, ಮೇಲೊಂದು ‘ನು’. ಪಂಚಮಾತ್ರೆಯ ಗಣಗಳು ಹೆಜ್ಜೆ ಇಟ್ಟಂತೆ ಬರುತ್ತವೆ. ಪ್ರತಿ ಗಣವೂ ಪದದ ಮೊದಲ ಅಕ್ಷರದಿಂದಲೇ ಶುರುವಾಗುತ್ತದೆ, ಒಂದು ಪದವೂ ಗಣದ ಗಡಿಯಲ್ಲಿ ಒಡೆಯುವುದಿಲ್ಲ. ಐದರ ನಡೆಯಲ್ಲಿ ಯಾವ ರಾಗಕ್ಕೆ ಹಾಕಿದರೂ ಅದು ನಿಲ್ಲುತ್ತದೆ. ಮುಂಬೈಯ ಕನ್ನಡ ಸಂಘಗಳ ವೇದಿಕೆಯಲ್ಲಿ ಪ್ರಾರ್ಥನಾಗೀತೆಯಾಗಿ ಇದನ್ನು ಹಾಡುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಇದು ಕ್ರೈಸ್ತ ಸ್ತುತಿಗೀತೆಯೆಂದು ಗೊತ್ತಿಲ್ಲದವರೂ ಇದ್ದಾರೆ. ಹಾಡೊಂದು ಇದಕ್ಕಿಂತ ಹೆಚ್ಚು ಗಟ್ಟಿಯಾಗಿ ಬೇರೂರುವುದು ಹೇಗೆ? ಕತ್ತಲೆ, ದೂರದ ಮನೆ, ಒಂದು ಹೆಜ್ಜೆ ಸಾಕೆಂಬ ಬೇಡಿಕೆ: ಯಾರ ಬಾಯಿಗಾದರೂ ಒಗ್ಗುವ ಮಾತುಗಳು.

ಶ್ರೀಯವರಿಗೂ ಮುಂಚೆ ಈ ದಾರಿ ಕಂಡವರಿದ್ದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನ್ ಸಭಾಗೀತೆಗಳಾದ ಕೊರಾಲ್‌ಗಳನ್ನು ಜೊತೆಗೇ ತಂದರು. ಆದರೆ ಅದೇ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ದೇಸಿ ಕಾವ್ಯದ ಧಾಟಿಯಲ್ಲಿ ಹೇಳಿದರು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಕನ್ನಡಕ್ಕೆ ನಿಘಂಟು ಕೊಟ್ಟವರೆಂದು ನಾವು ಅವರನ್ನು ನೆನೆಯುತ್ತೇವೆ. ಚರ್ಚಿನ ಹಾಡು ಬರೆಯುವವರು ಅವರನ್ನು ಛಂದಸ್ಸಿನ ಮೇಷ್ಟರೆಂದೂ ನೆನೆಯಬೇಕಿತ್ತು.

ಈಗ ಮರಾಠಿಯ ಕಡೆ ಬರೋಣ. ನಾರಾಯಣ ವಾಮನ ಟಿಳಕರು (1861–1919) ದೀಕ್ಷಾಸ್ನಾನ ಪಡೆದದ್ದು 1895ರಲ್ಲಿ, ಇದೇ ಮುಂಬೈಯಲ್ಲಿ. ಅದಕ್ಕೂ ಮೊದಲೇ ಅವರು ಒಳ್ಳೆಯ ಕವಿ. ಅವರ ಕ್ರೈಸ್ತ ಹಾಡುಗಳು ಮರಾಠಿ ಸಂತರು ಹಾಡಿದ ಅಭಂಗ, ಓವಿ ಛಂದಸ್ಸುಗಳ ಅಚ್ಚಿನಲ್ಲಿವೆ. ದೊಡ್ಡ ಅಭಂಗದ ಅಳತೆ 6.6.6.4, ಎರಡನೆಯ ಮತ್ತು ಮೂರನೆಯ ತುಂಡುಗಳಿಗೆ ಪ್ರಾಸ, ನಾಲ್ಕನೆಯದು ಚಿಕ್ಕದು. ಆ ಚಿಕ್ಕ ನಾಲ್ಕಕ್ಷರದಲ್ಲೇ ಅಭಂಗದ ಜೀವ ಇರುವುದು. ಉಸಿರು ತೆಗೆದುಕೊಳ್ಳಲು ಅಲ್ಲಿ ಜಾಗ, ಟಾಳದವರಿಗೆ ಅಲ್ಲಿ ಬಿಡುವು, ಮಾತು ಅಲ್ಲಿ ತಟ್ಟನೆ ನಿಂತು ಮನಸ್ಸಿಗೆ ಇಳಿಯುತ್ತದೆ. ಮುಖ್ಯವಾಗಿ, ಅಭಂಗದಲ್ಲಿ ಲಘು-ಗುರುವಿನ ಕಟ್ಟು ಇಲ್ಲ. ಅಕ್ಷರ ಎಣಿಸಿದರೆ ಸಾಕು, ಹಾಡುವಾಗ ಯಾವ ಅಕ್ಷರವನ್ನಾದರೂ ಎಳೆಯಬಹುದು, ಕಿವಿ ಒಪ್ಪುತ್ತದೆ. ಹಾಗಾಗಿ ಅಕ್ಷರ ಎಣಿಸುವ ವಿಧಾನ ಮರಾಠಿಯಲ್ಲಿ ನಡೆಯಿತು. ಅದನ್ನೇ ನೋಡಿ ನಾವೂ ಎಣಿಸಿದರೆ ಸಾಕೆಂದುಕೊಂಡರೆ ಸಾಲದು. ನಮ್ಮ ಮಾತ್ರಾಗಣದ ಕಿವಿ ಅಷ್ಟು ಸುಲಭವಾಗಿ ಸುಮ್ಮನಿರುವುದಿಲ್ಲ.

ಹಾಗೆಂದು ಕನ್ನಡದಲ್ಲಿ ಅಂಥ ಸಡಿಲ ಅಚ್ಚುಗಳೇ ಇಲ್ಲವೆಂದಲ್ಲ. ತ್ರಿಪದಿಯಿದೆ, ಸಾಂಗತ್ಯವಿದೆ. ಅಂಶಗಣದ ಈ ಮಟ್ಟುಗಳಲ್ಲಿ ಲಘುವನ್ನು ಎಳೆದು ಗುರು ಮಾಡಿಕೊಳ್ಳುವ ಅವಕಾಶ ಮೊದಲಿನಿಂದಲೂ ಇದೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಶತಮಾನಗಟ್ಟಲೆ ಹಾಡಿ ನಿಲ್ಲಿಸಿದ ಅಚ್ಚು ಅದು. ಉತ್ತರ ಕರ್ನಾಟಕದಿಂದ ಮುಂಬೈ, ಪುಣೆಗೆ ದುಡಿಯಲು ಬಂದ ಕುಟುಂಬಗಳ ಹಿರಿಯರಿಗೆ ಅದರ ನಡೆ ಯಾರೂ ಕಲಿಸಬೇಕಿಲ್ಲ. ನಮ್ಮ ಅಭಂಗ ತ್ರಿಪದಿಯಲ್ಲಿದೆ. ಕನ್ನಡ ಸಭೆಗಳಿಗೆ ಹೊಸ ಹಾಡು ಬರೆಯುವವರು ಅಲ್ಲಿಂದ ಶುರುಮಾಡಬೇಕೆಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಪಲ್ಲವಿಯ ಮಾತನ್ನೂ ಇಲ್ಲೇ ಸೇರಿಸಬೇಕು. ಓದು ಬಾರದವರೂ, ಪುಸ್ತಕ ಇಲ್ಲದವರೂ ಮೊದಲ ದಿನವೇ ಸೇರಿಕೊಳ್ಳುವುದು ಪಲ್ಲವಿಯಲ್ಲಿ. ದಾಸರ ಪದಗಳು ಊರು ದಾಟಿದ್ದು ಹಾಗೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಿಂದ ಬಂದ, ಪ್ರತಿ ಚರಣದ ನಂತರ ಕೋರಸ್ ಇರುವ ಹಾಡುಗಳು ನಮ್ಮಲ್ಲಿ ಬೇಗ ಒಗ್ಗಿದ್ದೂ ಇದಕ್ಕೇ. ಆದರೆ ಪಲ್ಲವಿಗೆ ಒಂದು ಶರತ್ತಿದೆ: ಪ್ರತಿ ಚರಣದ ಕೊನೆಯ ಮಾತು ಪಲ್ಲವಿಯ ಮೊದಲ ಮಾತಿಗೆ ಅರ್ಥದಲ್ಲಿ ಕೂಡಿಕೊಳ್ಳಬೇಕು. ಕೂಡದಿದ್ದರೆ ಪಲ್ಲವಿ ಬರೀ ಗದ್ದಲ.

ಗೋವಾದ ಕತೆ ಬೇರೆಯೇ. ಅಲ್ಲಿಯೂ ಮೊದಲ ದೊಡ್ಡ ಕೆಲಸ ಆದದ್ದು ದೇಸಿ ಅಚ್ಚಿನಲ್ಲಿ. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಜೆಸುಯಿಟ್ ಥಾಮಸ್ ಸ್ಟೀಫನ್ಸ್ ಓವಿ ಛಂದಸ್ಸಿನಲ್ಲಿ, ಸುಮಾರು ಹನ್ನೊಂದು ಸಾವಿರ ಪದ್ಯಗಳಲ್ಲಿ ಬರೆದ ‘ಕ್ರಿಸ್ತಪುರಾಣ’ 1616ರಲ್ಲಿ ಗೋವಾದ ರಾಶೋಲಿನಲ್ಲಿ ಅಚ್ಚಾಯಿತು. ಆ ಮೊದಲ ಮುದ್ರಣದ ಒಂದು ಪ್ರತಿಯೂ ಈಗ ಇಲ್ಲ. ಕಾವ್ಯ ಕೈಬರಹದಲ್ಲಿ ಬದುಕಿತು, ಮಂಗಳೂರು ಕಡೆ ಸಿಕ್ಕ ಹಸ್ತಪ್ರತಿಗಳ ಆಧಾರದಿಂದ 1907ರಲ್ಲಿ ಮಂಗಳೂರಿನಲ್ಲೇ ಮತ್ತೆ ಅಚ್ಚಾಯಿತು. ಅಚ್ಚಿನ ಪುಸ್ತಕ ಅಳಿದರೂ ಓದಿ ಹಾಡುವ ಅಳತೆ ಇದ್ದುದರಿಂದಲೇ ಅದು ಉಳಿಯಿತೆಂದು ನನ್ನ ನಂಬಿಕೆ.

ಆದರೆ ಗೋವಾದ ಇಗರ್ಜಿಗಳ ದನಿ ರೂಪುಗೊಂಡದ್ದು ಪ್ಯಾರಿಷ್ ಶಾಲೆಗಳಲ್ಲಿ. ಅಲ್ಲಿನ ಮೆಸ್ತ್ರಿ, ಅಂದರೆ ಸಂಗೀತದ ಮೇಷ್ಟರು, ಮಕ್ಕಳಿಗೆ ಸೊಲ್ಫೇಜು (ಸ್ವರ ಓದಿ ಹಾಡುವ ಪಾಠ), ಪಿಟೀಲು ಕಲಿಸುತ್ತಿದ್ದರು. ಮುಂಬೈಯ ಸಿನಿಮಾ ವಾದ್ಯವೃಂದಗಳಿಗೆ ಮುಂದೆ ಸ್ವರಲಿಪಿ ಓದಬಲ್ಲ ಗೋವಾದ ವಾದಕರು ಅಷ್ಟೊಂದು ಸಿಕ್ಕಿದ್ದು ಈ ಶಾಲೆಗಳಿಂದ. ಇದರ ಫಲ ಸಭೆಯ ಕಿವಿಯಲ್ಲೂ ಇದೆ. ಗೋವಾದವರು ಹಾಡು ಎತ್ತಿದರೆ ಯಾರೂ ಹೇಳದೆಯೇ ಅರ್ಧ ಜನ ಮೂರನೆಯ ಸ್ವರದಲ್ಲಿ ಜೊತೆಗೂಡುತ್ತಾರೆ: ಇವರು ಷಡ್ಜ ಹಿಡಿದರೆ ಅವರು ಗಾಂಧಾರ, ಇವರು ರಿಷಭಕ್ಕೆ ಹೋದರೆ ಅವರು ಮಧ್ಯಮ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕೊಂಕಣಿ ಹಾಡುಗಳು ಪೂಜೆಯೊಳಕ್ಕೆ ಬಂದಾಗ ಈ ಕಿವಿ ಆಗಲೇ ಸಿದ್ಧವಾಗಿತ್ತು.

ನಮಗೆ ಇದರಲ್ಲಿ ಒಂದು ಪಾಠವಿದೆ, ಒಂದು ಎಚ್ಚರಿಕೆಯೂ ಇದೆ. ಯುರೋಪಿನ ಎಷ್ಟೋ ಧಾಟಿಗಳು, ವಿಶೇಷವಾಗಿ ವಿಕ್ಟೋರಿಯಾ ಕಾಲದವು, ಬದುಕಿರುವುದು ನಾಲ್ಕು ಕಂಠಗಳ ಸೇರಿಕೆಯಲ್ಲಿ. ಮೇಲಿನ ದನಿ ಒಂದೇ ಸ್ವರವನ್ನು ಮೂರು ನಾಲ್ಕು ಸಲ ಹೇಳುತ್ತಿರುತ್ತದೆ, ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುತ್ತಾ ಅದಕ್ಕೆ ಬಣ್ಣ ಬರುತ್ತದೆ. ಗೋವಾದ ಸಭೆಯಲ್ಲಿ ಅದು ಹೊಳೆಯುತ್ತದೆ. ಎಲ್ಲರೂ ಒಂದೇ ದನಿಯಲ್ಲಿ, ಒಂದು ಹಾರ್ಮೋನಿಯಂ ಇಟ್ಟುಕೊಂಡು ಹಾಡುವ ಕನ್ನಡ ಸಭೆಯಲ್ಲಿ ಅದೇ ಧಾಟಿ ಸಪ್ಪೆ. ಇಲ್ಲಿ ಬೇಕಾದದ್ದು ಒಂಟಿ ದನಿಯಲ್ಲೇ ರುಚಿಯಿರುವ ಧಾಟಿ. ‘ಅಮೇಜಿಂಗ್ ಗ್ರೇಸ್’ ಮಾತಿಗೆ 1835ರಲ್ಲಿ ಕೂಡಿಸಿದ ಧಾಟಿ ಐದೇ ಸ್ವರಗಳದು, ಸ ರಿ ಗ ಪ ದ. ನಮ್ಮ ಮೋಹನ ರಾಗ, ಇಲ್ಲಿನವರ ಭೂಪ. ‘ವಾಟ್ ಎ ಫ್ರೆಂಡ್ ವೀ ಹ್ಯಾವ್ ಇನ್ ಜೀಸಸ್’ನ ಮೊದಲೆರಡು ಸಾಲುಗಳೂ ಅದೇ ಸ್ವರಗಳಲ್ಲಿ ನಡೆಯುತ್ತವೆ. ಮೇಲಾಗಿ ಅದು 8.7.8.7ರ ಅಳತೆ, ಸಾಲು ಸಮದಿಂದಲೇ ಶುರು. ಕನ್ನಡದ ಪದ ಮೊದಲಕ್ಷರದ ಒತ್ತಿನೊಂದಿಗೆ ನೇರ ಕೂರುತ್ತದೆ, ‘ಓ’ ಸೇರಿಸುವ ಗೋಜಿಲ್ಲ. ಹೊಸದಾಗಿ ಅನುವಾದಕ್ಕೆ ಧಾಟಿ ಆರಿಸುವವರು ಮೊದಲು ಇಂಥ, ಸಮದಿಂದ ಶುರುವಾಗುವ ಧಾಟಿಗಳನ್ನೇ ಹುಡುಕಬೇಕು.

ಶ್ರುತಿಯ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ನಡೆಯುವ ಅನಾಹುತ ಪ್ರತಿ ಕ್ರಿಸ್‌ಮಸ್‌ನಲ್ಲಿ ಕೇಳಿಸುತ್ತದೆ. ‘ಸೈಲೆಂಟ್ ನೈಟ್’ 1818ರಲ್ಲಿ ಆಸ್ಟ್ರಿಯಾದ ಒಬರ್ನ್‌ಡಾರ್ಫಿನಲ್ಲಿ ಮೊದಲ ಬಾರಿ ಹಾಡಿದ ಹಾಡು, ಮೃದುವಾದ ಜೋಗುಳದಂಥದು, ಆದ್ದರಿಂದ ಸುಲಭವೆಂದು ಎಲ್ಲರ ಭಾವನೆ. ಅದರ ಹರವು ಮಧ್ಯ ಷಡ್ಜದಿಂದ ತಾರ ಮಧ್ಯಮದವರೆಗೆ, ಒಂದು ಸ್ಥಾಯಿಯ ಮೇಲೆ ನಾಲ್ಕು ಸ್ವರ. ಹಾರ್ಮೋನಿಯಂನವರು ಅಭ್ಯಾಸಬಲದಿಂದ ಬಿಳಿ ಎರಡರಲ್ಲಿ, ಅಂದರೆ ಎರಡನೆಯ ಬಿಳಿ ಮನೆಯಲ್ಲಿ, ಸ ಇಟ್ಟರೆ ಕೊನೆಯ ಸಾಲಿನ ತುದಿ ಮೇಲಿನ ಬಿಳಿ ಐದಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲಿ ಸಭೆ ಬಾಯಿ ಮುಚ್ಚುತ್ತದೆ, ಕ್ವಾಯರ್‌ನ ಇಬ್ಬರು ಹುಡುಗಿಯರು ಮಾತ್ರ ಉಳಿಯುತ್ತಾರೆ. ಕಪ್ಪು ಐದಕ್ಕೆ ಇಳಿಸಿ, ಅದರ ಕೆಳಗಿನ ಸ್ಥಾಯಿಯಿಂದ ಎತ್ತಿಕೊಂಡರೆ ಎಲ್ಲರ ಕೈಗೂ ಸಿಗುತ್ತದೆ. ‘ಅಮೇಜಿಂಗ್ ಗ್ರೇಸ್’ಗೆ ತದ್ವಿರುದ್ಧ: ಅದರ ಓಡಾಟ ಮಂದ್ರ ಪಂಚಮದಿಂದ ಮಧ್ಯ ಪಂಚಮದವರೆಗೆ. ಅದಕ್ಕೆ ಬಿಳಿ ಒಂದರಲ್ಲಿ ಸ ಇಟ್ಟರೆ ಹೆಂಗಸರಿಗೆ ಕೆಳಗಿನ ಪಂಚಮ ಸಿಗುವುದೇ ಇಲ್ಲ. ಬಿಳಿ ನಾಲ್ಕು ಅಥವಾ ಐದು ಬೇಕು. ಒಂದೇ ಸ ಹಿಡಿದು ಇಡೀ ಆರಾಧನೆ ಮುಗಿಸುವ ಪದ್ಧತಿ ಬಿಡಬೇಕು. ಪುಸ್ತಕದಲ್ಲಿ ಪ್ರತಿ ಹಾಡಿನ ಪಕ್ಕ ಪೆನ್ಸಿಲಿನಲ್ಲಿ ಶ್ರುತಿ ಬರೆದಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಹರವು ಕಡಿಮೆ ಇದ್ದರೆ ಹಾಡು ಬಡವಾಗುತ್ತದೆಂಬ ಹೆದರಿಕೆ ಬೇಡ. ಐಸಾಕ್ ವಾಟ್ಸ್ 1707ರಲ್ಲಿ ಪ್ರಕಟಿಸಿದ, ಶಿಲುಬೆಯನ್ನು ದಿಟ್ಟಿಸುವ ಗೀತೆಗೆ ಲೊವೆಲ್ ಮೇಸನ್ 1824ರಲ್ಲಿ ಹೊಂದಿಸಿದ ಧಾಟಿ ಐದೇ ಸ್ವರಗಳ ಹರವಿನೊಳಗೆ ಮುಗಿಯುತ್ತದೆ. ಶುಭಶುಕ್ರವಾರದಂದು ಉಪವಾಸವಿದ್ದು ದಣಿದ ಗಂಟಲೂ ಅದನ್ನು ಕೊನೆಯವರೆಗೆ ಹಾಡಬಲ್ಲದು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕೆಲಸ ಹೆಚ್ಚಿದೆ. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹಳ ಜನಕ್ಕೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಕನ್ನಡ ಹಾಡು ರೋಮನ್ ಅಕ್ಷರಗಳಲ್ಲಿ ಬೀಳುತ್ತದೆ, ಬರೆದವರ ಮನಸ್ಸಿಗೆ ತೋಚಿದ ಹಾಗೆ. ಹ್ರಸ್ವ-ದೀರ್ಘ ಒಂದೇ, ಲ-ಳ ಒಂದೇ, ನ-ಣ ಒಂದೇ. ‘ಕಾಲ’ ಮತ್ತು ‘ಕಳ’ ಒಂದೇ ರೀತಿ ಕಾಣಿಸಿದರೆ ಮಗು ಯಾವುದನ್ನು ಎಳೆಯಬೇಕು? ದೀರ್ಘ ಹೋದರೆ ಗುರು ಹೋಯಿತು, ಗುರು ಹೋದರೆ ಮೇಲೆ ಹೇಳಿದ ತೂಕವೆಲ್ಲ ಹೋಯಿತು. ರೋಮನ್ ಲಿಪಿಯಲ್ಲಿ ಕೊಂಕಣಿ ಬರೆಯುವ ಗೋವಾದ ರೋಮಿ ಕೊಂಕಣಿಯವರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದಾರೆ. ಟ, ಡ, ಣ, ಳದಂಥ ಮೂರ್ಧನ್ಯ ವ್ಯಂಜನ ಬಂದಲ್ಲಿ ಅಕ್ಷರವನ್ನು ಜೋಡಿಯಾಗಿ ಬರೆಯುತ್ತಾರೆ, ಇಗರ್ಜಿಯ ಹಾಡಿನ ಪುಸ್ತಕದಲ್ಲೂ ಅದೇ ಕ್ರಮ. ನಮ್ಮ ಸಭೆಗಳೂ ಒಂದು ಹಾಳೆಯಷ್ಟು ನಿಯಮ ಮಾಡಿಕೊಳ್ಳಬಹುದು. ಕನ್ನಡದಲ್ಲಿ ವ್ಯಂಜನವನ್ನು ಜೋಡಿ ಮಾಡಿದರೆ ದ್ವಿತ್ವವೆಂದು ಓದಿಬಿಡುತ್ತಾರೆ, ಆದ್ದರಿಂದ ಳ, ಣಗಳಿಗೆ ದೊಡ್ಡಕ್ಷರ, ದೀರ್ಘಕ್ಕೆ ಸ್ವರವನ್ನು ಎರಡು ಸಲ ಬರೆಯುವುದು, ದ್ವಿತ್ವಕ್ಕೆ ಮಾತ್ರ ವ್ಯಂಜನದ ಜೋಡಿ. ಜೊತೆಗೆ ಸಮ ಬೀಳುವ ಅಕ್ಷರವನ್ನು ದಪ್ಪಗೆ ತೋರಿಸಿ. ಮತ್ತು ದಯವಿಟ್ಟು ಇಡೀ ಚರಣವನ್ನು ಒಂದೇ ಸಲ ಪರದೆಗೆ ಹಾಕಿ. ಒಂದೊಂದೇ ಸಾಲು ಬಂದು ಹೋದರೆ ಚರಣ ಯಾರ ಬಾಯಿಗೂ ಹತ್ತುವುದಿಲ್ಲ.

ಹಳೆಯ ಹಾಡನ್ನು ತಿದ್ದುವುದು ಅಪಚಾರವೆಂದು ಹೇಳುವ ಹಿರಿಯರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಚಾರ್ಲ್ಸ್ ವೆಸ್ಲಿ 1739ರಲ್ಲಿ ಬರೆದ ಕ್ರಿಸ್‌ಮಸ್ ಗೀತೆಯ ಮೊದಲ ಸಾಲನ್ನು ಜಾರ್ಜ್ ವಿಟ್‌ಫೀಲ್ಡ್ 1753ರಲ್ಲಿ ಬದಲಿಸಿದ್ದರಿಂದಲೇ ಇಂದು ಲೋಕ ‘ಹಾರ್ಕ್ ದಿ ಹೆರಾಲ್ಡ್ ಏಂಜೆಲ್ಸ್ ಸಿಂಗ್’ ಎಂದು ಹಾಡುತ್ತಿದೆ. ಮೆಂಡೆಲ್‌ಸನ್ನರ ಸ್ವರಗಳು ಅದಕ್ಕೆ ಕೂಡಿದ್ದು ನೂರು ವರ್ಷ ಕಳೆದ ಮೇಲೆ, 1855ರಲ್ಲಿ. ‘ಅಮೇಜಿಂಗ್ ಗ್ರೇಸ್’ನ ಕೊನೆಯಲ್ಲಿ ಹಾಡುವ, ಹತ್ತು ಸಾವಿರ ವರ್ಷದ ಮಾತು ಬರುವ ಚರಣ ನ್ಯೂಟನ್ನರದಲ್ಲವೇ ಅಲ್ಲ. ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಗೀತೆ ಬರೆದವರು. ಅವುಗಳಲ್ಲಿ ಇವತ್ತಿಗೂ ಬಾಯಲ್ಲಿರುವವು ಬೆರಳೆಣಿಕೆಯಷ್ಟು.

ಮುಂಬೈ, ಪುಣೆಯ ಕನ್ನಡ ಸಭೆಗಳು ತಮ್ಮ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುವ ಮೊದಲು ಮಾಡಬೇಕಾದ್ದು ಇಷ್ಟು. ಪ್ರತಿ ಹಾಡನ್ನು ಮೊದಲು ಧಾಟಿಯಿಲ್ಲದೆ ಗಟ್ಟಿಯಾಗಿ ಓದಿಸಿ. ಓದುವಾಗಲೇ ತೊಡರಿದರೆ ಗುರುತು ಹಾಕಿ. ಆಮೇಲೆ ಕೈತಾಳ ಹಾಕಿ ಹಾಡಿಸಿ, ಸಮ ಯಾವ ಅಕ್ಷರದ ಮೇಲೆ ಬೀಳುತ್ತದೆಂದು ಬರೆದುಕೊಳ್ಳಿ. ಮೊದಲ ಸಾಲು ತಪ್ಪಿದ್ದರೆ ಮೊದಲ ಸಾಲನ್ನಷ್ಟೇ ತಿದ್ದಿ, ಉಳಿದದ್ದನ್ನು ಮುಟ್ಟಬೇಡಿ. ನಾಲ್ಕೂ ಸಾಲು ತಪ್ಪಿದ್ದರೆ ಮಾತು ಇಟ್ಟುಕೊಂಡು ಧಾಟಿ ಬಿಡಿ. ಆ ಮಾತನ್ನು ಐದರ ನಡೆಗೋ ತ್ರಿಪದಿಗೋ ಮತ್ತೆ ಕಟ್ಟಲು ಬರುತ್ತದೆಯೇ ನೋಡಿ. ಈ ಕೆಲಸಕ್ಕೆ ಸಮಿತಿಯಲ್ಲಿ ಪಾಸ್ಟರ್ ಮತ್ತು ಕೀಬೋರ್ಡಿನವರು ಇದ್ದರೆ ಸಾಲದು, ಊರಿನಲ್ಲಿ ಪದ ಹಾಡಿ ಬಂದ ಇಬ್ಬರು ಹೆಂಗಸರು ಕಡ್ಡಾಯವಾಗಿ ಇರಬೇಕು. ಯಾವ ಸಾಲು ನಾಲಗೆಗೆ ಹೊರಳುವುದಿಲ್ಲವೆಂದು ಅವರು ಒಂದೇ ಸಲ ಕೇಳಿ ಹೇಳುತ್ತಾರೆ.